ಆಮೆನ್ ಎನ್ನಲಾಗದ ದಿನಗಳು

ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಮಾತೇ ಹೊರಡದಿರುವುದು ಒಂದು ಬಗೆ. ಮಾತೇನೋ ಸರಾಗವಾಗಿ ಹೊರಡುತ್ತದೆ, ಆದರೆ ಆಚೆ ಕಡೆ ಕೇಳಿಸಿಕೊಳ್ಳುವವರು ಯಾರೂ ಇಲ್ಲವೇನೋ ಅನ್ನಿಸುವುದು ಇನ್ನೊಂದು ಬಗೆ. ಮೊದಲನೆಯದಕ್ಕೆ ಚರ್ಚಿನ ಸಭೆಯಲ್ಲಿ ಹೆಸರೂ ಇದೆ, ಮದ್ದೂ ಇದೆ: ಆತ್ಮಿಕ ಬರ ಬಂದಿದೆ, ಉಪವಾಸ ಮಾಡಿ, ಇನ್ನೂ ಹೆಚ್ಚು ಪ್ರಾರ್ಥಿಸಿ. ಎರಡನೆಯದನ್ನು ಬಾಯಿಬಿಟ್ಟು ಹೇಳಲು ಜಾಗವೇ ಸಿಗುವುದಿಲ್ಲ. ಹಾಗಾಗಿ ಕ್ರೈಸ್ತ ವಿಶ್ವಾಸ ಸಡಿಲವಾಗುತ್ತಿರುವ ಎಷ್ಟೋ ಜನ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ, ಅದನ್ನು ಒಬ್ಬರೇ ಹೊತ್ತು ತಿರುಗುತ್ತಾರೆ. ಭಾನುವಾರ ಎಲ್ಲರ ಜೊತೆ ಹಾಡುತ್ತಾರೆ, ಪ್ರಭುಭೋಜನ ತೆಗೆದುಕೊಳ್ಳುತ್ತಾರೆ, ಮನೆಗೆ ಬಂದು ಕದ ಹಾಕಿಕೊಳ್ಳುತ್ತಾರೆ. ಇದು ಅವರಿಗಾಗಿ ಬರೆದದ್ದು. ಯಾರನ್ನೂ ಹೊರಗೆಳೆಯುವ ಆಸೆಯಿಲ್ಲ, ಹಿಡಿದು ಒಳಗೆ ಕೂರಿಸುವ ಆಸೆಯೂ ಇಲ್ಲ. ಕಣ್ಣು ಬಿಟ್ಟುಕೊಂಡು ಈ ದಾರಿ ನಡೆಯುವುದು ಹೇಗೆ, ಎಲ್ಲಿ ಕಾಲು ಜಾರುತ್ತದೆ ಎಂಬುದಷ್ಟೇ ಇಲ್ಲಿರುವ ವಿಷಯ.

"ವಿಶ್ವಾಸ ಹೋಯಿತು" ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಬಿಡಿಸಿ ನೋಡಿದರೆ ಅದರಲ್ಲಿ ಹಲವು ಎಳೆಗಳಿವೆ. ಯೇಸು ಸತ್ತು ಮೂರನೆಯ ದಿನ ಎದ್ದನು, ಸತ್ಯವೇದ, ಅಂದರೆ ಬೈಬಲ್, ತಪ್ಪಿಲ್ಲದ ದೇವರ ವಾಕ್ಯ ಎಂಬಂಥ ಹೇಳಿಕೆಗಳನ್ನು ನಿಜವೆಂದು ಒಪ್ಪುವುದು ಒಂದು ಎಳೆ. ದೇವರ ಮೇಲೆ ಭಾರ ಹಾಕಿ ಬದುಕುವುದು ಇನ್ನೊಂದು. ಬೆಳಗಿನ ವಚನ, ಊಟಕ್ಕೆ ಮುಂಚಿನ ಪ್ರಾರ್ಥನೆ, ಮಲಗುವಾಗಿನ ಸ್ತೋತ್ರ, ಇವೆಲ್ಲ ಅಭ್ಯಾಸದ ಎಳೆ. ಸಭೆಯ ಜನ, ಕ್ವಾಯರ್, ಕಷ್ಟಕ್ಕೆ ಓಡಿಬರುವ ಕೈಗಳು, ಇವು ಬಳಗದ ಎಳೆ. ಎಲ್ಲಕ್ಕಿಂತ ಕೆಳಗೆ ಭಯದ ಎಳೆ. ಇವು ಒಟ್ಟಿಗೆ ಬಿಚ್ಚಿಕೊಳ್ಳುವುದಿಲ್ಲ. ಹೇಳಿಕೆಗಳನ್ನು ಒಂದನ್ನೂ ನಂಬದವರು ಇನ್ನೂ ನರಕಕ್ಕೆ ಹೆದರುತ್ತಿರುತ್ತಾರೆ. ಎಲ್ಲ ಹೇಳಿಕೆಗಳನ್ನೂ ಒಪ್ಪುವವರು ಸಭೆಯ ಹಿರಿಯರೊಬ್ಬರ ನಡವಳಿಕೆಯಿಂದ ನೊಂದು ಬಾಗಿಲ ಬಳಿ ನಿಂತಿರುತ್ತಾರೆ.

ತಪ್ಪಾಗುವುದು ಇಲ್ಲೇ, ಗಾಯ ಒಂದು ಕಡೆ, ಪಟ್ಟಿ ಇನ್ನೊಂದು ಕಡೆ. ಮನುಷ್ಯರಿಂದ ನೊಂದವರು ಹಸ್ತಪ್ರತಿಗಳ ಚರಿತ್ರೆ ಓದುತ್ತಾ ಕೂರುತ್ತಾರೆ. ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳು ಒಂದಕ್ಕೊಂದು ಏಕೆ ಹೊಂದುವುದಿಲ್ಲ ಎಂದು ಕೇಳಿದವರಿಗೆ ತಲೆ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳಿಸುತ್ತಾರೆ. ಆದ್ದರಿಂದ ಪುಸ್ತಕಕ್ಕೆ ಕೈಹಾಕುವ ಮೊದಲು ಒಂದು ಸಾಲು ಬರೆಯಿರಿ: "ನನಗೆ ಈಗ ನಂಬಲು ಆಗದಿರುವುದು..." ಎಂದು ಶುರುಮಾಡಿ ಮುಗಿಸಿ. ಸಾಲಿನ ಕೊನೆಯಲ್ಲಿ ಒಬ್ಬ ಮನುಷ್ಯನ ಹೆಸರು ಬಂದರೆ ನಿಮ್ಮ ಪ್ರಶ್ನೆ ಬಳಗದ್ದು. ಒಂದು ಹೇಳಿಕೆ ಬಂದರೆ ಅದನ್ನು ಪರೀಕ್ಷಿಸಬಹುದು. ಏನೂ ಬರದೆ ಬರೀ ಎದೆ ಡವಗುಟ್ಟಿದರೆ ಅದು ಭಯ, ಅದರ ಮಾತು ಮುಂದೆ ಬರುತ್ತದೆ.

ಹೇಳಿಕೆಯ ಪರೀಕ್ಷೆಗೆ ಪುನರುತ್ಥಾನದ ಬೆಳಗಿನಿಂದ ಶುರುಮಾಡುವುದು ಒಳ್ಳೆಯದು. ಎಲ್ಲ ಭಾರವೂ ಅದರ ಮೇಲೇ ಇದೆ. ಕ್ರಿಸ್ತನು ಎದ್ದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಎಂದು ಆದಿ ಸಭೆಯ ಅಪೊಸ್ತಲ ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 15ನೇ ಅಧ್ಯಾಯದಲ್ಲಿ ಹೇಳುತ್ತಾನೆ. ಒಂದು ಬಿಳಿ ಹಾಳೆಯನ್ನು ಅಡ್ಡ ಇಟ್ಟು ನಾಲ್ಕು ಕಾಲಂ ಎಳೆಯಿರಿ: ಮತ್ತಾಯ 28, ಮಾರ್ಕ 16, ಲೂಕ 24, ಯೋಹಾನ 20. ಎಡಬದಿಗೆ ಐದು ಪ್ರಶ್ನೆ ಬರೆಯಿರಿ. ಸಮಾಧಿಗೆ ಹೋದವರು ಯಾರು? ಅವರು ಹೋದಾಗ ಕಲ್ಲು ಹೇಗಿತ್ತು? ಅಲ್ಲಿ ಯಾರನ್ನು ಕಂಡರು? ಆಮೇಲೆ ಏನು ಮಾಡಿದರು? ಶಿಷ್ಯರಿಗೆ ಯೇಸು ಕಾಣಿಸಿಕೊಂಡದ್ದು ಎಲ್ಲಿ? ಒಂದು ಸಂಜೆ ಸಾಕು. ನಿಯಮ ಒಂದೇ: ಒಂದು ಕಾಲಂಗೆ ಇನ್ನೊಂದರಿಂದ ಸಾಲ ತರಬಾರದು. ಲೂಕನಲ್ಲಿ ಓದಿದ್ದು ನೆನಪಿಗೆ ಬಂದು ಮಾರ್ಕನ ಮನೆಯೊಳಗೆ ಹೊಕ್ಕುಬಿಡುತ್ತದೆ. ಎಲ್ಲರೂ ಮಾಡುವ ತಪ್ಪು ಇದೇ.

ನಿಯಮ ಪಾಲಿಸಿದರೆ ಹಾಳೆ ಹೀಗೆ ತುಂಬುತ್ತದೆ. ಮತ್ತಾಯನಲ್ಲಿ ಹೋಗುವವರು ಮಗ್ದಲದ ಮರಿಯಳು ಮತ್ತು ಇನ್ನೊಬ್ಬ ಮರಿಯಳು. ಮಾರ್ಕನಲ್ಲಿ ಮೂವರು, ಸಲೋಮೆಯೂ ಸೇರಿ. ಲೂಕನಲ್ಲಿ ಯೋಹಾನಳೂ ಬೇರೆ ಕೆಲವು ಹೆಂಗಸರೂ ಇದ್ದಾರೆ. ಯೋಹಾನ ಹೆಸರಿಸುವುದು ಮಗ್ದಲದ ಮರಿಯಳನ್ನು ಮಾತ್ರ. ಆದರೆ ಎರಡನೆಯ ವಚನದಲ್ಲಿ ಅವಳು "ನಮಗೆ ಗೊತ್ತಿಲ್ಲ" ಎಂದು ಬಹುವಚನದಲ್ಲಿ ಮಾತಾಡುತ್ತಾಳೆ, ಅದನ್ನೂ ಪ್ರಾಮಾಣಿಕವಾಗಿ ಗುರುತು ಹಾಕಿಕೊಳ್ಳಿ. ಮತ್ತಾಯನಲ್ಲಿ ಭೂಕಂಪವಾಗಿ ದೂತನೊಬ್ಬ ಇಳಿದು ಬಂದು ಕಲ್ಲನ್ನು ಉರುಳಿಸಿ ಅದರ ಮೇಲೆ ಕೂರುತ್ತಾನೆ. ಉಳಿದ ಮೂವರಲ್ಲಿ ಕಲ್ಲು ಆಗಲೇ ಸರಿದಿದೆ. ಮಾರ್ಕನಲ್ಲಿ ಒಳಗೆ ಕೂತಿರುವವನು ಬಿಳಿ ನಿಲುವಂಗಿಯ ಯುವಕ, ಲೂಕನಲ್ಲಿ ಹೊಳೆಯುವ ಬಟ್ಟೆಯ ಇಬ್ಬರು, ಯೋಹಾನನಲ್ಲಿ ಮರಿಯಳು ಮೊದಲು ಯಾರನ್ನೂ ನೋಡುವುದಿಲ್ಲ, ಆಮೇಲೆ ಇಬ್ಬರು ದೂತರನ್ನು ನೋಡುತ್ತಾಳೆ. ಮತ್ತಾಯನಲ್ಲಿ ಶಿಷ್ಯರು ಯೇಸುವನ್ನು ಕಾಣುವುದು ಗಲಿಲಾಯದ ಬೆಟ್ಟದಲ್ಲಿ. ಲೂಕನಲ್ಲಿ ಯೆರೂಸಲೇಮಿನಲ್ಲಿ, ಅದೂ ಪಟ್ಟಣ ಬಿಟ್ಟು ಹೋಗಬೇಡಿ ಎಂಬ ಅಪ್ಪಣೆಯೊಂದಿಗೆ. ನಾಲ್ಕನ್ನೂ ಹತ್ತಾರು ಸಲ ಓದಿದವರಿಗೂ ಈ ಹಾಳೆ ಹೊಸದಾಗಿ ಕಾಣುತ್ತದೆ. ಈಸ್ಟರ್ ದಿನ ನಾವು ಕೇಳುವುದು ಈ ನಾಲ್ಕನ್ನೂ ಬೆರೆಸಿ ಮಾಡಿದ ಐದನೆಯ ಕಥೆ.

ಮಾರ್ಕನ ಕಾಲಂ ಅರ್ಧಕ್ಕೇ ನಿಂತುಹೋಗುತ್ತದೆ. 16:8ರಲ್ಲಿ ಹೆಂಗಸರು ನಡುಗುತ್ತಾ ಓಡಿಹೋಗುತ್ತಾರೆ, ಹೆದರಿದ್ದರಿಂದ ಯಾರಿಗೂ ಏನೂ ಹೇಳುವುದಿಲ್ಲ. ಗ್ರೀಕಿನಲ್ಲಿ ಆ ವಚನದ ಕಟ್ಟಕಡೆಯ ಪದ "ಗಾರ್", ಅಂದರೆ "ಏಕೆಂದರೆ". 4ನೇ ಶತಮಾನದ ಸಿನೈಟಿಕಸ್ ಮತ್ತು ವ್ಯಾಟಿಕನಸ್ ಹಸ್ತಪ್ರತಿಗಳಲ್ಲಿ ಸುವಾರ್ತೆ ಅಲ್ಲಿಗೇ ಮುಗಿಯುತ್ತದೆ. 9ರಿಂದ 20ರವರೆಗಿನ ವಚನಗಳು ಆಮೇಲೆ ಸೇರಿದವು ಎಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಇಂದಿನ ಹಲವು ಅನುವಾದಗಳು ಅಡಿಟಿಪ್ಪಣಿಯಲ್ಲಿ ಇದನ್ನು ಹೇಳುತ್ತವೆ. ಆ ಸೇರ್ಪಡೆಯಲ್ಲೇ ಇದೆ, ನಂಬುವವರು ಹಾವುಗಳನ್ನು ಎತ್ತುವರು, ವಿಷ ಕುಡಿದರೂ ಕೇಡಾಗದು ಎಂಬ ಮಾತು. ಅದನ್ನು ಅಕ್ಷರಶಃ ಹಿಡಿದು ಆರಾಧನೆಯಲ್ಲಿ ವಿಷದ ಹಾವು ಹಿಡಿಯುವ ಸಭೆಗಳು ಅಮೆರಿಕದ ಅಪಲಾಚಿಯನ್ ಬೆಟ್ಟಸೀಮೆಯಲ್ಲಿವೆ, ಕಚ್ಚಿಸಿಕೊಂಡು ಸತ್ತವರೂ ಇದ್ದಾರೆ. ಒಂದು ಅಡಿಟಿಪ್ಪಣಿ ಓದುವುದು ಬಿಡುವುದು ಜೀವದ ಮಾತೂ ಆಗಬಹುದು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸಿನ ಪ್ರಸಂಗ, ಯೋಹಾನ 7:53ರಿಂದ 8:11, ಇದೂ ಅತಿ ಹಳೆಯ ಪ್ರತಿಗಳಲ್ಲಿಲ್ಲ. ತಂದೆ, ವಾಕ್ಯ, ಪವಿತ್ರಾತ್ಮ ಈ ಮೂವರೂ ಒಂದೇ ಎಂದು ನೇರವಾಗಿ ಹೇಳುವ 1 ಯೋಹಾನ 5:7ರ ಉದ್ದನೆಯ ರೂಪವನ್ನು ಡಚ್ ವಿದ್ವಾಂಸ ಎರಾಸ್ಮಸ್ ತನ್ನ ಗ್ರೀಕ್ ಮುದ್ರಣದ 1516 ಮತ್ತು 1519ರ ಆವೃತ್ತಿಗಳಲ್ಲಿ ಬಿಟ್ಟಿದ್ದ, 1522ರಲ್ಲಿ ಸೇರಿಸಿದ.

ಈ ಹಾಳೆ ಏನನ್ನು ಸಾಬೀತು ಮಾಡುತ್ತದೆ ಎಂಬಲ್ಲಿ ಎಚ್ಚರ ಬೇಕು. ಯೇಸು ಎದ್ದಿಲ್ಲ ಎಂದು ಇದು ಸಾಬೀತು ಮಾಡುವುದಿಲ್ಲ. ನಾಲ್ವರು ಸಾಕ್ಷಿಗಳು ಒಂದೇ ಘಟನೆಯನ್ನು ನಾಲ್ಕು ಬಗೆಯಾಗಿ ಹೇಳುವುದು ಸಹಜ ಎಂದು ವಿಶ್ವಾಸಿಗಳು ಹೇಳುತ್ತಾರೆ, ಅದು ತಳ್ಳಿಹಾಕುವ ಮಾತಲ್ಲ. ಈ ಸುವಾರ್ತೆಗಳಿಗಿಂತ ಮುಂಚೆ, 50ರ ದಶಕದ ಮಧ್ಯಭಾಗದಲ್ಲೇ, ಪೌಲನು ಪುನರುತ್ಥಾನದ ಸಾಕ್ಷಿಗಳ ಪಟ್ಟಿ ಕೊಟ್ಟಿದ್ದಾನೆ, ಅದನ್ನೂ ತೂಗಬೇಕು. ಹಾಳೆ ಅಲ್ಲಾಡಿಸುವುದು ಬೇರೊಂದು ಹೇಳಿಕೆಯನ್ನು: ಸತ್ಯವೇದದಲ್ಲಿ ಒಂದೂ ತಪ್ಪಿಲ್ಲ ಎಂಬುದನ್ನು. ಇವಾಂಜೆಲಿಕಲ್ ನಾಯಕರು ಸೇರಿ ಹೊರತಂದ 1978ರ ಶಿಕಾಗೊ ಹೇಳಿಕೆ ಈ ನಿಲುವನ್ನು ವಿವರವಾಗಿ ಬರೆದಿಟ್ಟಿತು, ಆದರೆ ಆ ನಿರ್ದೋಷತ್ವ ಮೂಲಪ್ರತಿಗಳಿಗೆ ಸಲ್ಲುವುದು ಎಂದಿತು. ಆ ಮೂಲಪ್ರತಿಗಳಲ್ಲಿ ಒಂದೂ ಇಂದು ಉಳಿದಿಲ್ಲ. ಕ್ಯಾಥೊಲಿಕ್ ಸಭೆ 1965ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆಯ ದಾಖಲೆಯಲ್ಲಿ, ನಮ್ಮ ರಕ್ಷಣೆಗಾಗಿ ದೇವರು ಬರೆಸಬಯಸಿದ ಸತ್ಯವನ್ನು ಗ್ರಂಥ ತಪ್ಪಿಲ್ಲದೆ ಕಲಿಸುತ್ತದೆ ಎಂಬ ಮಾತನ್ನು ಆರಿಸಿಕೊಂಡಿತು. ಎರಡರ ನಡುವೆ ತುಂಬ ಜಾಗವಿದೆ. ಒಂದು ವಚನ ಹೊಂದಲಿಲ್ಲ ಎಂದ ತಕ್ಷಣ ಇಡೀ ದೇವರೇ ಬಿದ್ದುಹೋದ ಅನ್ನಿಸುವುದು, ಒಂದು ಕಲ್ಲು ಕಿತ್ತರೆ ಮನೆಯೇ ಬೀಳುತ್ತದೆ ಎಂದು ಚಿಕ್ಕಂದಿನಿಂದ ಕಲಿತವರಿಗೆ. ಹಾಗೆ ಕಟ್ಟಿಕೊಟ್ಟದ್ದು ತಪ್ಪು. ಪ್ರಶ್ನೆ ಕೇಳಿದ ಮಕ್ಕಳ ಮೇಲೆ ಆ ತಪ್ಪನ್ನು ಹೊರಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಇದೇ ರೀತಿಯಲ್ಲಿ ಬೇರೆ ಕಡೆಗಳನ್ನೂ ನೋಡಬಹುದು. ಮತ್ತಾಯ 27:5ರಲ್ಲಿ ಯೇಸುವನ್ನು ಹಿಡಿದುಕೊಟ್ಟ ಯೂದ ಉರುಲು ಹಾಕಿಕೊಳ್ಳುತ್ತಾನೆ, ಅಪೊಸ್ತಲರ ಕೃತ್ಯಗಳು 1:18ರಲ್ಲಿ ತಲೆಕೆಳಗಾಗಿ ಬಿದ್ದು ಹೊಟ್ಟೆ ಒಡೆಯುತ್ತದೆ. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಅರಸ ಹೆರೋದನ ಕಾಲದಲ್ಲಿ, ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ ಎಂಬುದು ಬಹುಪಾಲು ಚರಿತ್ರಕಾರರ ಎಣಿಕೆ. ಯೇಸು ಹುಟ್ಟಿದ ಹೊತ್ತಿನದೆಂದು ಲೂಕ ಹೇಳುವ, ರೋಮನ್ ಅಧಿಪತಿ ಕುರೇನ್ಯನ ಜನಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಇವುಗಳಿಗೆ ಹೊಂದಾಣಿಕೆಯ ಉತ್ತರಗಳಿವೆ. ಒಂದು ಉತ್ತರ ಓದಿದಾಗ, ಬೇರೆ ಯಾವ ಧರ್ಮದ ಗ್ರಂಥಕ್ಕಾದರೂ ಇದೇ ಉತ್ತರ ಕೊಟ್ಟಿದ್ದರೆ ನಾನು ಒಪ್ಪುತ್ತಿದ್ದೆನೇ ಎಂದು ಕೇಳಿಕೊಳ್ಳಿ. ನನ್ನ ಮಟ್ಟಿಗೆ ಇದಕ್ಕಿಂತ ನೇರವಾದ ತಕ್ಕಡಿ ಇಲ್ಲ.

ಆದರೆ ಎಷ್ಟೋ ಜನರ ವಿಶ್ವಾಸ ಒಡೆಯುವುದು ವಚನಗಳಿಂದಲ್ಲ, ಉತ್ತರ ಬರದ ಒಂದು ಪ್ರಾರ್ಥನೆಯಿಂದ. ಆಸ್ಪತ್ರೆಯ ಹಾಸಿಗೆ ಪಕ್ಕ ಕೂತು ಬೇಡಿಕೊಂಡದ್ದು ಆಗಲಿಲ್ಲ. "ದೇವರ ಚಿತ್ತ" ಎಂದರು, "ನಂಬಿಕೆ ಸಾಲಲಿಲ್ಲ" ಎಂದರು. ಎರಡನೆಯ ಮಾತು ಹೇಳುವವರು ಯೋಬನ ಪುಸ್ತಕವನ್ನು ಕೊನೆಯವರೆಗೆ ಓದಬೇಕು. ನರಳುತ್ತಿರುವವನ ಮುಂದೆ ಕೂತು ನಿನ್ನ ಪಾಪಕ್ಕೇ ಇದು ಎಂದು ದೇವರ ಪರವಾಗಿ ವಾದಿಸಿದ ಗೆಳೆಯರಿಗೆ, ನೀವು ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಎಂದು 42:7ರಲ್ಲಿ ದೇವರೇ ಗದರಿಸುತ್ತಾನೆ. ಕೂಗಾಡಿದ ಯೋಬ ಸರಿಯಾಗಿ ಮಾತಾಡಿದ ಎನ್ನುತ್ತಾನೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ಮನುಷ್ಯನ ಸ್ವತಂತ್ರ ಇಚ್ಛೆಯಿಂದ ಕೇಡು ಬರುತ್ತದೆ ಎಂಬ ವಾದ ಕೊಲೆಗೆ, ಯುದ್ಧಕ್ಕೆ ಹೊಂದುತ್ತದೆ. 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಿಗ್ಗೆ, ಜನ ಚರ್ಚುಗಳಲ್ಲಿ ಸೇರಿದ್ದಾಗ ಲಿಸ್ಬನ್ ನಗರವನ್ನು ಕೆಡವಿದ ಭೂಕಂಪಕ್ಕೆ ಹೊಂದುವುದಿಲ್ಲ.

ಪ್ರಾರ್ಥನೆಯನ್ನು ಅಳೆದು ನೋಡಿದವರೂ ಇದ್ದಾರೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಯ 1,802 ರೋಗಿಗಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪುಗಳಿಗಾಗಿ 14 ದಿನ ಪ್ರಾರ್ಥನೆ ನಡೆಯಿತು. ಪ್ರಾರ್ಥನೆ ಇರಬಹುದು, ಇಲ್ಲದಿರಬಹುದು ಎಂದಷ್ಟೇ ತಿಳಿದಿದ್ದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ ಶೇ. 52, ಪಡೆಯದವರ ಪೈಕಿ ಶೇ. 51 ಮಂದಿಗೆ ತೊಡಕುಗಳಾದವು. ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ ಎಂದು ಖಚಿತವಾಗಿ ಹೇಳಿಸಿಕೊಂಡವರಲ್ಲಿ ಅದು ಶೇ. 59. ದೇವರನ್ನು ಪರೀಕ್ಷಿಸಬಾರದು ಎನ್ನುವವರಿಗೆ ಇದು ಏನನ್ನೂ ಸಾಬೀತು ಮಾಡದು, ಅದು ಸರಿಯೇ. ಆದರೆ ಗುಣವಾಗದ್ದಕ್ಕೆ ರೋಗಿಯ ನಂಬಿಕೆಯನ್ನೋ ಮನೆಯವರ ಪ್ರಾರ್ಥನೆಯನ್ನೋ ದೂರುವವರ ಬಾಯಿ ಮುಚ್ಚಿಸಲು ಸಾಕು. ಇನ್ನೊಂದು ಕಡೆಯನ್ನೂ ಹೇಳಬೇಕು: ದೇವರ ಮೌನವೊಂದೇ ತೀರ್ಪಾಗದು. ಮದರ್ ತೆರೇಸಾ ಸುಮಾರು ಐದು ದಶಕ ಅಂಥ ಕತ್ತಲೆಯಲ್ಲಿದ್ದರು ಎಂಬುದು 2007ರಲ್ಲಿ ಅವರ ಪತ್ರಗಳು ಪುಸ್ತಕವಾದಾಗ ಎಲ್ಲರಿಗೂ ತಿಳಿಯಿತು. ಅವರು ವಿಶ್ವಾಸ ಬಿಡಲಿಲ್ಲ.

ಈಗ ಭಯ. ಹಗಲಲ್ಲಿ ಎಲ್ಲ ಸರಿಯಿರುತ್ತದೆ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತದೆ, ಮೈ ಬೆವರಿರುತ್ತದೆ, ಒಂದೇ ಯೋಚನೆ: ಅಕಸ್ಮಾತ್ ಅದೆಲ್ಲ ನಿಜವಾಗಿದ್ದರೆ? ಐದಾರು ವರ್ಷದ ವಯಸ್ಸಿನಲ್ಲಿ, ವಾದ ಅರ್ಥವಾಗುವ ಮೊದಲೇ ಕೂತ ಭಯ ಇದು. ವಾದದಿಂದ ಬಂದದ್ದಲ್ಲವಾದ್ದರಿಂದ ವಾದದಿಂದ ಹೋಗುವುದೂ ಇಲ್ಲ. ಹೇಳಿಕೆಗಳನ್ನು ಬಿಟ್ಟು ವರ್ಷಗಳಾದ ಮೇಲೂ ಹೀಗಾದರೆ "ಒಳಗೊಳಗೆ ನಾನಿನ್ನೂ ನಂಬುತ್ತೇನೆ, ಅದಕ್ಕೇ ಹೆದರುತ್ತೇನೆ" ಎಂದು ತಿಳಿಯಬೇಡಿ. ನಾಯಿ ಕಚ್ಚಿಸಿಕೊಂಡ ಮಗು ಗೊಂಬೆ ನಾಯಿಗೂ ಹೆದರುತ್ತದೆ.

ಹಗಲಿನಲ್ಲಿ ಮಾಡುವ ಕೆಲಸ ಬೇರೆ, ರಾತ್ರಿಯದು ಬೇರೆ. ಹಗಲಿನಲ್ಲಿ ನರಕ ಎಂಬ ಪದದ ಹಿಂದೆ ಏನಿದೆ ಎಂದು ಓದಿ. ಹೀಬ್ರೂ ಗ್ರಂಥದ ಷಿಯೋಲ್, ಅಂದರೆ ಪಾತಾಳ, ಒಳ್ಳೆಯವರೂ ಕೆಟ್ಟವರೂ ಸತ್ತ ಮೇಲೆ ಹೋಗುವ ಮಸುಕಾದ ತಾಣ. ಅಲ್ಲಿ ಬೆಂಕಿಯ ಹಿಂಸೆಯಿಲ್ಲ. ನರಕ ಎಂದು ಅನುವಾದವಾಗುವ ಗೆಹೆನ್ನ ಹೊಸ ಒಡಂಬಡಿಕೆಯಲ್ಲಿ ಬರುವುದು 12 ಸಲ, ಅದರಲ್ಲಿ 11 ಯೇಸುವಿನ ಬಾಯಲ್ಲಿ, ಒಂದು ಯಾಕೋಬನ ಪತ್ರಿಕೆಯಲ್ಲಿ. ಪೌಲ ಆ ಪದವನ್ನು ಒಮ್ಮೆಯೂ ಬಳಸುವುದಿಲ್ಲ. ಅದು ಯೆರೂಸಲೇಮಿನ ಪಕ್ಕದ ಹಿನ್ನೋಮ್ ಕಣಿವೆಯ ಹೆಸರು. ಅಲ್ಲಿ ಮಕ್ಕಳನ್ನು ಬೆಂಕಿಗೆ ಕೊಟ್ಟದ್ದನ್ನು ಯೆರೆಮೀಯ 7:31 ಖಂಡಿಸುತ್ತದೆ. ಆ ಕಣಿವೆ ಊರಿನ ಕಸ ಸುಡುವ ಜಾಗವಾಗಿತ್ತು ಎಂಬ ವಿವರಣೆ ಪ್ರಸಂಗಗಳಲ್ಲೂ ಅದನ್ನು ಟೀಕಿಸುವವರಲ್ಲೂ ಸಮನಾಗಿ ಓಡಾಡುತ್ತದೆ, ಅದಕ್ಕೆ ಯೇಸುವಿನ ಕಾಲದ ಆಧಾರವಿಲ್ಲ. ಅದು ಕಾಣುವುದು ಸುಮಾರು 1200ರ ಹೊತ್ತಿನ ಯೆಹೂದಿ ವ್ಯಾಖ್ಯಾನಕಾರ ಡೇವಿಡ್ ಕಿಮ್ಹಿಯಲ್ಲಿ. ಮುಗಿಯದ ಶಿಕ್ಷೆಯ ಬಗ್ಗೆ ಕ್ರೈಸ್ತರೊಳಗೇ ಒಮ್ಮತವಿರಲಿಲ್ಲ: ದೇವಶಾಸ್ತ್ರಜ್ಞರಾದ 3ನೇ ಶತಮಾನದ ಓರಿಗೆನ್, 4ನೇ ಶತಮಾನದ ನಿಸ್ಸಾದ ಗ್ರೆಗರಿ ಕೊನೆಗೆ ಎಲ್ಲರೂ ದೇವರಲ್ಲಿಗೆ ಮರಳುವ ಕಡೆಗೆ ವಾಲಿದವರು. ನಿತ್ಯದಂಡನೆಯ ಮಾತಾಡುವ ಮತ್ತಾಯ 25:46 ಎದುರಿಗಿದೆ, ಅದನ್ನೂ ಮರೆಮಾಚಬಾರದು.

ರಾತ್ರಿ ಇದ್ಯಾವುದನ್ನೂ ಮಾಡಬೇಡಿ. ಎದ್ದು ಕೂತು, ದೀಪ ಹಾಕಿ, ನೀರು ಕುಡಿದು, ಇದು ಹಳೆಯ ಭಯ ಎಂದು ಗಟ್ಟಿಯಾಗಿ ಒಮ್ಮೆ ಹೇಳಿ. "ಇರಲಿ" ಅಂತ ಒಂದು ಪ್ರಾರ್ಥನೆ ಮಾಡಿಬಿಡುವ ಸೆಳೆತ ಬರುತ್ತದೆ. ಮಾಡಿದ ತಕ್ಷಣ ನೆಮ್ಮದಿಯಾಗುತ್ತದೆ, ಅದರಿಂದಲೇ ನಾಳೆ ಭಯ ಇನ್ನಷ್ಟು ಬಲವಾಗಿ ಬರುತ್ತದೆ. ಮನಸಾರೆ ಪ್ರಾರ್ಥಿಸುವುದಾದರೆ ಬೆಳಿಗ್ಗೆ ಪ್ರಾರ್ಥಿಸಿ. ಬೆಳಿಗ್ಗೆ ಬೇಡವೆನಿಸಿದರೆ ರಾತ್ರಿ ಮಾತಾಡಿದ್ದು ಭಯ.

ಕ್ಷಮೆಯಿಲ್ಲದ ಪಾಪವನ್ನು ನಾನು ಮಾಡಿಬಿಟ್ಟೆನೇ ಎಂಬ ಚಿಂತೆ ಇನ್ನೂ ಕ್ರೂರ. ಮಾರ್ಕ 3:29 ಅದನ್ನು ಹೇಳುತ್ತದೆ, ಮರು ವಚನವೇ ಕಾರಣವನ್ನೂ ಹೇಳುತ್ತದೆ: ಯೇಸುವಿಗೆ ಅಶುದ್ಧಾತ್ಮ ಹಿಡಿದಿದೆ ಎಂದು ಆ ಜನ ಅಂದದ್ದಕ್ಕೆ. ಸಂಶಯಕ್ಕಲ್ಲ. ಈ ಚಿಂತೆ ದಿನಕ್ಕೆ ಗಂಟೆಗಟ್ಟಲೆ ತಿನ್ನುತ್ತಿದ್ದರೆ, ಅದೇ ಪ್ರಾರ್ಥನೆಯನ್ನು "ಸರಿಯಾಗಿ" ಬರುವವರೆಗೆ ಮತ್ತೆ ಮತ್ತೆ ಮಾಡಬೇಕೆನಿಸಿದರೆ, ನನಗೆ ರಕ್ಷಣೆ ಸಿಕ್ಕಿತೇ ಎಂದು ಎಲ್ಲರನ್ನೂ ಕೇಳುತ್ತಿದ್ದರೆ, ಅದು ಗೀಳು ಕಾಯಿಲೆಯ ಒಂದು ರೂಪವಿರಬಹುದು. ಇದಕ್ಕೆ ಚಿಕಿತ್ಸೆಯಿದೆ: ಭಯ ಹುಟ್ಟಿಸುವ ಯೋಚನೆಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುತ್ತಾ, ನೆಮ್ಮದಿಗಾಗಿ ಮಾಡುವ ಕ್ರಿಯೆಯನ್ನು ತಡೆಹಿಡಿಯುವ ತರಬೇತಿ, ಬೇಕಾದರೆ ಔಷಧಿ. ಪಾದ್ರಿಯ ಹತ್ತಿರವಾಗಲಿ ನಾಸ್ತಿಕ ಗೆಳೆಯರ ಹತ್ತಿರವಾಗಲಿ ಪದೇಪದೇ ಸಮಾಧಾನ ಕೇಳಿದರೆ ಕಾಯಿಲೆ ಬೆಳೆಯುತ್ತದೆ. ಮನೋವೈದ್ಯರ ಬಳಿ ಹೋಗಿ.

ಹೇಳುವುದು ಯಾರಿಗೆ, ಯಾವಾಗ? ಮನೆಯ ಆಸರೆ, ಓದಿನ ಖರ್ಚು, ಕೆಲಸ ಸಭೆಯ ಕೈಯಲ್ಲಿದ್ದರೆ ಈಗ ಹೇಳಬೇಡಿ. ಕಾಯುವುದು ಸುಳ್ಳಲ್ಲ. ಸಭೆಯ ಸೇವೆಯಲ್ಲೇ ಸಂಬಳ ಪಡೆಯುತ್ತಾ ನಂಬಿಕೆ ಕಳೆದುಕೊಂಡವರಿಗೆಂದೇ 2011ರಿಂದ ಕ್ಲರ್ಜಿ ಪ್ರಾಜೆಕ್ಟ್ ಎಂಬ ಗುಟ್ಟು ಕಾಯುವ ಬಳಗವೊಂದಿದೆ. ಉಳಿದವರು ಮೊದಲು ಒಬ್ಬರಿಗೆ ಹೇಳಿ. ಕ್ರಿಸ್ಮಸ್, ಈಸ್ಟರ್, ಮದುವೆ, ಸಾವು, ಮನೆಯಲ್ಲಿ ಕಾಯಿಲೆ, ಇಂಥ ಹೊತ್ತು ಬೇಡ. ಜಗಳದ ನಡುವೆಯಂತೂ ಬೇಡವೇ ಬೇಡ. "ನಾನು ನಾಸ್ತಿಕ" ಎಂಬ ದೊಡ್ಡ ಪದಕ್ಕಿಂತ, "ಪುನರುತ್ಥಾನ ನಡೆದಿದೆ ಅಂತ ಈಗ ನನಗೆ ಅನ್ನಿಸುತ್ತಿಲ್ಲ, ಬಹಳ ದಿನದಿಂದ ಓದುತ್ತಿದ್ದೇನೆ" ಎಂಬ ಚಿಕ್ಕ ನಿಜವೇ ಮೇಲು.

ತಾಯಿತಂದೆಯ ಮುಂದೆ ನಾಲ್ಕು ಕಾಲಂನ ಹಾಳೆ ಹರವಬೇಡಿ. ಅವರು ಕೇಳುತ್ತಿರುವುದು ಅದನ್ನಲ್ಲ. ಅವರ ಕಿವಿಗೆ ಬೀಳುವುದು ಎರಡೇ: ನಾವು ಸೋತೆವು, ಪರಲೋಕದಲ್ಲಿ ಈ ಮಗುವನ್ನು ಮತ್ತೆ ನೋಡುವುದಿಲ್ಲ. ಮೊದಲನೆಯದಕ್ಕೆ ಉತ್ತರವಿದೆ: "ಸತ್ಯ ಹೇಳಬೇಕು ಅಂತ ಕಲಿಸಿದ್ದೇ ನೀವು, ಅಮ್ಮ." ಎರಡನೆಯದಕ್ಕೆ ಉತ್ತರವಿಲ್ಲ. ಅವರು ಅಳುವಾಗ ಎದ್ದು ಹೋಗದೆ ಪಕ್ಕದಲ್ಲಿ ಕೂರಬಹುದು. ಗಂಡಹೆಂಡತಿಯ ನಡುವೆ ಕಷ್ಟ ಹೆಚ್ಚು; ಮಕ್ಕಳನ್ನು ಯಾರು ಹೇಗೆ ಬೆಳೆಸುವುದು ಎಂಬ ತೀರ್ಮಾನವನ್ನು ಆರು ತಿಂಗಳಾದರೂ ಮುಂದಕ್ಕೆ ಹಾಕಿ, ಅಲ್ಲಿಯವರೆಗೆ ಮನೆಯ ರೂಢಿ ಹೇಗಿತ್ತೋ ಹಾಗೇ ನಡೆಯಲಿ.

ಹೊರಬಂದವರಲ್ಲಿ ಕೆಲವರು ಮರುದಿನವೇ ಇನ್ನೊಂದು ಖಚಿತತೆಗೆ ಜಿಗಿಯುತ್ತಾರೆ, ಅಲ್ಲೂ ಅದೇ ದನಿಯಲ್ಲಿ ಬೋಧಿಸುತ್ತಾರೆ. ಕೆಲವರು ಕಡಿಮೆ ಹೇಳಿಕೆಗಳನ್ನು ಇಟ್ಟುಕೊಂಡು ಸಭೆಯಲ್ಲೇ ಉಳಿಯುತ್ತಾರೆ, ಕೆಲವರು ವರ್ಷಗಳ ಮೇಲೆ ಮರಳುತ್ತಾರೆ. ಮೊದಲ ಕೆಲವು ತಿಂಗಳು ಎಲ್ಲರನ್ನೂ ಕಾಡುವುದು ಭಾನುವಾರದ ಬೆಳಿಗ್ಗೆ. ಆ ಎರಡು ಮೂರು ಗಂಟೆಯನ್ನು ಖಾಲಿ ಬಿಡಬೇಡಿ. ನಡಿಗೆಗೆ ಹೋಗಿ, ಒಬ್ಬ ಗೆಳೆಯರನ್ನು ಕಾಣಿ, ಹಾಡುವವರಾಗಿದ್ದರೆ ಎಲ್ಲಾದರೂ ಗುಂಪಿನಲ್ಲಿ ಹಾಡಿ. ಕೀರ್ತನೆಗಳು ಬಾಯಿಗೆ ತಾವಾಗಿಯೇ ಬರುತ್ತವೆ, ಬರಲಿ. ಬದಿಗಳಲ್ಲಿ ತಾರೀಖು, ಗೆರೆ, ಹೆಸರುಗಳನ್ನು ಬರೆದಿಟ್ಟ ಹಳೆಯ ಸತ್ಯವೇದವನ್ನು ಸಿಟ್ಟಿನಲ್ಲಿ ಯಾರಿಗೂ ಕೊಟ್ಟುಬಿಡಬೇಡಿ. ಒಂದು ವರ್ಷ ಕಪಾಟಿನಲ್ಲೇ ಇರಲಿ, ಆಮೇಲೆ ತೆಗೆದು ನೋಡಿ.